ಫೀಚರ್ ಟ್ರೀ ಮತ್ತು ಕೆಸರೆಯ ಲೇತ್

ಕಳೆದ ಸೆಮಿಸ್ಟರಿನ ಒಂದು ಶನಿವಾರ ನಾವು ನಾಲ್ಕು ಜನ ಕೆಸರೆಯ ಒಳರಸ್ತೆಯೊಂದರಲ್ಲಿರುವ ಲೇತ್ ಶೆಡ್ಡಿಗೆ ಹೋದೆವು. ಕೈಯಲ್ಲಿ ಒಂದು ಪೆನ್‌ಡ್ರೈವ್, ಒಂದು ಪ್ರಿಂಟ್‌ಔಟ್, ಚೀಲದಲ್ಲಿ 105 ಮಿ.ಮೀ. ವ್ಯಾಸದ ಮೈಲ್ಡ್ ಸ್ಟೀಲ್ ತುಂಡು. ಸುಮಾರು 5 ಕೆ.ಜಿ. ತೂಕದ ಆ ತುಂಡನ್ನು ನಾಲ್ವರೂ ದುಡ್ಡು ಹಾಕಿ ಕೊಂಡಿದ್ದೆವು. ರಾಗಿ ಒಕ್ಕುವ ಸಣ್ಣ ಯಂತ್ರ ನಮ್ಮ ಪ್ರಾಜೆಕ್ಟ್. ಅದರ ಶಾಫ್ಟಿನ ಎರಡು ತುದಿಗೆ ಎರಡು ಬೇರಿಂಗ್ ಹೌಸಿಂಗ್ ಬೇಕಿತ್ತು. ಮಾಡೆಲ್ ಮುಗಿದಿತ್ತು, ರೆಂಡರ್ ಕೂಡ ಚೆನ್ನಾಗಿ ಬಂದಿತ್ತು. ಇನ್ನೇನು, ಕೊಟ್ಟರೆ ಮಾಡಿಕೊಡ್ತಾರೆ ಅಂತ ನಾವು ಅಂದುಕೊಂಡಿದ್ದೆವು.

ಶೆಡ್ಡಿನ ಅಣ್ಣ ಪೆನ್‌ಡ್ರೈವ್ ಮುಟ್ಟಲೇ ಇಲ್ಲ. ಅದನ್ನು ಚುಚ್ಚೋಕೆ ಅಲ್ಲಿ ಕಂಪ್ಯೂಟರೂ ಇರಲಿಲ್ಲ. ಪ್ರಿಂಟ್‌ಔಟನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದನ್ನ ಎಲ್ಲಿಂದ ಶುರು ಮಾಡಿದ್ರಿ?"

ನಮ್ಮಲ್ಲೊಬ್ಬ ಉತ್ಸಾಹದಿಂದ ವಿವರಿಸಿದ. "ಮೊದಲು ಕೆಳಗಡೆ ದುಂಡನೆ ಫ್ಲೇಂಜ್ ಅಣ್ಣಾ. ಅದರ ಮೇಲೆ ಬಾಸ್ ಎಬ್ಬಿಸಿದ್ವಿ. ಆಮೇಲೆ ನಡುವೆ ತೂತು."

"ಎಬ್ಬಿಸೋಕೆ ಇದೇನು ರೊಟ್ಟಿ ಹಿಟ್ಟೇನ್ರಪ್ಪಾ?" ಅಂತ ಅವರು ನಕ್ಕರು. "ನನ್ನ ಹತ್ರ ಕಬ್ಬಿಣ ತೆಗಿಯೋ ಮಿಷನ್ ಇದೆ. ಸೇರಿಸೋ ಮಿಷನ್ ಇಲ್ಲ."

ಆ ದಿನ ನಾವೂ ನಕ್ಕು ಸುಮ್ಮನಾದೆವು. ಆದರೆ ಫೀಚರ್ ಆಧಾರಿತ ಕ್ಯಾಡ್ ಬಗ್ಗೆ ನಾವು ಎರಡು ಸೆಮಿಸ್ಟರ್ ಲ್ಯಾಬಿನಲ್ಲಿ ಕಲಿಯದೇ ಹೋದದ್ದು ಆ ಒಂದು ಮಾತಿನಲ್ಲಿತ್ತು. ನಿಮ್ಮ ಪ್ರಾಜೆಕ್ಟಿಗೂ ಉಪಯೋಗಕ್ಕೆ ಬರಬಹುದು ಅಂತ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಫೀಚರ್ ಅಂದರೆ ಏನು?

ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಘನಾಕೃತಿ ಅಂದರೆ ಮುಖಗಳು, ಅಂಚುಗಳು, ಬಿಂದುಗಳು, ಅಷ್ಟೇ. ಒಂದು ಸಿಲಿಂಡರ್ ಮುಖ, ಅದರ ತುದಿಗೆ ಒಂದು ವೃತ್ತಾಕಾರದ ಅಂಚು, ಪಕ್ಕದಲ್ಲೊಂದು ಸಮತಲ. ಆ ಸಿಲಿಂಡರ್ ಬೇರಿಂಗ್ ಕೂರುವ ಜಾಗವೋ, ಬೋಲ್ಟ್ ಹೋಗುವ ದಾರಿಯೋ, ಎಣ್ಣೆ ಹಾಕುವ ತೂತೋ ಅನ್ನೋದು ಬರೀ ಆಕೃತಿಗೆ ಗೊತ್ತಿರುವುದಿಲ್ಲ.

ಆಕೃತಿಗೆ ಈ ಅರ್ಥವನ್ನು ಅಂಟಿಸುವುದೇ ಫೀಚರ್. ಹೋಲ್ ಫೀಚರ್ ಹಾಕಿದಾಗ ಸಾಫ್ಟ್‌ವೇರಿಗೆ ಒಂದು ಸಿಲಿಂಡರನ್ನು ಮಾತ್ರ ಕೊಡುತ್ತಿಲ್ಲ. "ಇದು ಎಂ8 ಬೋಲ್ಟಿನ ತೂತು, ವ್ಯಾಸ 9, ತಲೆ ಮುಳುಗಲು 15 ವ್ಯಾಸದ ಕೌಂಟರ್‌ಬೋರ್, ಫ್ಲೇಂಜಿನ ಮೇಲಿನ ಮುಖದಿಂದ ಶುರು" ಅಂತ ಹೇಳುತ್ತಿದ್ದೇವೆ. ಮುಂದೆ ಫ್ಲೇಂಜಿನ ದಪ್ಪ ಬದಲಾದರೂ ತೂತು ಆರುಪಾರು ಇರಬೇಕು ಅನ್ನೋದೂ ಅದರೊಳಗೇ ಬರೆದಿರುತ್ತದೆ. ಪರದೆಯ ಎಡಗಡೆ ಕಾಣುವ ಫೀಚರ್ ಟ್ರೀ ಈ ಹೇಳಿಕೆಗಳ ಪಟ್ಟಿ. ಮೇಲಿಂದ ಕೆಳಗೆ ಒಂದೊಂದಾಗಿ ನಡೆಸುತ್ತಾ ಹೋದರೆ ಕೊನೆಗೆ ಪಾರ್ಟ್ ಬರುತ್ತದೆ. ಯಾವುದಾದರೂ ಅಳತೆ ಬದಲಿಸಿದರೆ ಪಟ್ಟಿ ಅಲ್ಲಿಂದ ಮತ್ತೆ ನಡೆಯುತ್ತದೆ.

ಇದು ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ಮಾಡಿ ತೋರಿಸಿದ ಸ್ಕೆಚ್‌ಪ್ಯಾಡ್‌ನಲ್ಲೇ ಎರಡು ಗೆರೆ ಸಮಾಂತರ ಇರಬೇಕು ಅನ್ನುವಂಥ ಕಟ್ಟುಪಾಡುಗಳಿದ್ದವು. ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಕಟ್ಟಿದ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಾರ್ಪೊರೇಶನ್, ಆ ದಶಕದ ಕೊನೆಗೆ ಪ್ರೊ/ಎಂಜಿನಿಯರ್ ತಂದಾಗ ಫೀಚರು, ಅಳತೆ, ಇತಿಹಾಸ ಮೂರೂ ಒಟ್ಟಿಗೆ ಬಂದವು. 1995ರಲ್ಲಿ ಸಾಲಿಡ್‌ವರ್ಕ್ಸ್ ಇದೇ ಪದ್ಧತಿಯನ್ನು ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ಇಳಿಸಿತು. ನಮ್ಮ ಲ್ಯಾಬಿನಲ್ಲಿ ನಾವು ಒತ್ತುವ ಎಕ್ಸ್‌ಟ್ರೂಡ್, ರಿವಾಲ್ವ್, ಫಿಲೆಟ್ ಬಟನ್‌ಗಳು ಈ ವಂಶದವು.

ಒಂದೇ ಪಾರ್ಟ್, ಎರಡು ಪಟ್ಟಿ

ನಮ್ಮ ಹೌಸಿಂಗಿನ ಟ್ರೀ ಹೀಗಿತ್ತು: 100 ವ್ಯಾಸ, 16 ದಪ್ಪದ ಫ್ಲೇಂಜ್. ಅದರ ಮೇಲೆ 64 ವ್ಯಾಸದ ಬಾಸ್, ಒಟ್ಟು ಎತ್ತರ 30. ಬಾಸ್ ಕಡೆಯಿಂದ 6204 ಬೇರಿಂಗಿಗೆ 47 ವ್ಯಾಸ, 14 ಆಳದ ಬೋರ್. ಅದರ ಕೆಳಗೆ ಶಾಫ್ಟ್ ಹೋಗಲು 30ರ ತೂತು. 82ರ ಪಿಸಿಡಿಯಲ್ಲಿ ನಾಲ್ಕು ಎಂ8 ತೂತು, ಕೌಂಟರ್‌ಬೋರ್ ಸಮೇತ. ಸ್ಪೀಡ್ ಸೆನ್ಸರ್ ಕೂರಿಸಲು ಫ್ಲೇಂಜಿನಲ್ಲಿ 10 ಅಗಲ, 16 ಉದ್ದ, 12 ಆಳದ ಆಯತಾಕಾರದ ಪಾಕೆಟ್. ಕೊನೆಗೆ ಬಾಸಿನ ಬುಡಕ್ಕೆ 1 ಮಿ.ಮೀ. ಫಿಲೆಟ್.

ಅಣ್ಣ ಅದೇ ಪ್ರಿಂಟ್‌ಔಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಮ್ಮ ಪಟ್ಟಿ ಬರೆದರು. ಚಕ್ಕಿಗೆ ಹಿಡಿಸಿ ಮುಖ ಹೊಡೆಯೋದು. ಹೊರಗಡೆ 64ಕ್ಕೆ ಇಳಿಸೋದು. ಡ್ರಿಲ್ ಹೊಡೆದು 30ಕ್ಕೆ ಬೋರ್, ಆಮೇಲೆ 47ಕ್ಕೆ ಬೋರ್. ಇಷ್ಟೂ ಒಂದೇ ಹಿಡಿತದಲ್ಲಿ ಆಗಬೇಕು, ಬಿಚ್ಚಿದರೆ ಸೆಂಟರ್ ತಪ್ಪುತ್ತೆ. ಆಮೇಲೆ ತಿರುಗಿಸಿ, ಬಾಸನ್ನು ಹಿಡಿಸಿ, ಹಿಂದಿನ ಮುಖ ಹೊಡೆದು ಫ್ಲೇಂಜಿನ ಹೊರವ್ಯಾಸ ತೆಗೆಯೋದು. ಮಾರ್ಕ್ ಮಾಡಿ ನಾಲ್ಕು ತೂತು. ಕೊನೆಗೆ ಮಿಲ್ಲಿಂಗಿನಲ್ಲಿ ಪಾಕೆಟ್.

ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಪಟ್ಟಿಯಲ್ಲಿ 'ಬಾಸ್' ಅನ್ನೋದು ಒಂದು ಫೀಚರ್. ಅವರ ಪಟ್ಟಿಯಲ್ಲಿ ಬಾಸ್ ಅನ್ನೋದೇ ಇಲ್ಲ. ಸುತ್ತಲಿನ ಕಬ್ಬಿಣ ತೆಗೆದ ಮೇಲೆ ಉಳಿದದ್ದು ಬಾಸ್. ನಾವು ಫಿಲೆಟನ್ನು ಕೊನೆಗೆ ಹಾಕಿದ್ದೆವು. ಅವರಿಗೆ ಅದು ಮೊದಲ ಹಿಡಿತದಲ್ಲೇ, ಟೂಲಿನ ಮೂತಿಯಿಂದಲೇ ಬರುತ್ತದೆ. ಅವರ ಪಟ್ಟಿಯಲ್ಲಿ ಎರಡು ಸಲ ಹಿಡಿಸುವ ಮಾತಿದೆ. ನಮ್ಮ ಟ್ರೀಯಲ್ಲಿ 'ಹಿಡಿತ' ಅನ್ನುವ ಕಲ್ಪನೆಯೇ ಇಲ್ಲ.

ಪುಸ್ತಕದ ಭಾಷೆಯಲ್ಲಿ ಮೊದಲನೆಯವು ಡಿಸೈನ್ ಫೀಚರ್, ಎರಡನೆಯವು ಮಷೀನಿಂಗ್ ಫೀಚರ್. ಎರಡೂ ಒಂದೇ ಪಾರ್ಟಿನ ವಿವರಣೆ, ಆದರೆ ಒಂದರಿಂದ ಇನ್ನೊಂದು ತಾನಾಗಿ ಬರೋದಿಲ್ಲ. ಡಿಸೈನ್ ಫೀಚರ್ 'ಪಾರ್ಟ್ ಏನು ಕೆಲಸ ಮಾಡಬೇಕು' ಅನ್ನೋದನ್ನು ಹೇಳುತ್ತದೆ. ಮಷೀನಿಂಗ್ ಫೀಚರ್ 'ಯಾವ ಟೂಲು, ಯಾವ ಕಡೆಯಿಂದ, ಯಾವ ಹಿಡಿತದಲ್ಲಿ' ಅನ್ನೋದನ್ನು ಹೇಳುತ್ತದೆ. ಮೊದಲನೆಯದನ್ನು ಬರೆಯುವಾಗ ಎರಡನೆಯದು ತಲೆಯಲ್ಲಿ ಓಡುತ್ತಿರಬೇಕು. ನಮ್ಮ ತಲೆಯಲ್ಲಿ ಓಡಿರಲಿಲ್ಲ.

ಅದಕ್ಕೆ ಎರಡು ಸಾಕ್ಷಿ ಅಲ್ಲೇ ಸಿಕ್ಕಿತು. ಪಾಕೆಟಿನ ನಾಲ್ಕು ಒಳಮೂಲೆಗಳನ್ನು ನಾವು ಚೂಪಾಗಿ ಬಿಟ್ಟಿದ್ದೆವು. ಮಿಲ್ಲಿಂಗ್ ಕಟರ್ ದುಂಡಗೆ ತಿರುಗುತ್ತದೆ, ಚೂಪು ಒಳಮೂಲೆ ಅದರಿಂದ ಬರುವುದೇ ಇಲ್ಲ. 6 ಮಿ.ಮೀ. ಕಟರ್ ಆದರೆ ಮೂಲೆಗೆ ಕನಿಷ್ಠ 3 ಮಿ.ಮೀ. ರೇಡಿಯಸ್ ಉಳಿಯುತ್ತೆ, ಆಗ ಚೌಕ ಸೆನ್ಸರ್ ಕೂರಲ್ಲ. ಸಣ್ಣ ಕಟರ್ ಹಾಕಿದರೆ 12 ಆಳಕ್ಕೆ ಹೋಗುವಾಗ ಮುರಿಯುತ್ತೆ. ಅಣ್ಣ ಹೇಳಿದ ದಾರಿ ಸರಳ: "ಎರಡು ತುದಿ ದುಂಡಗೆ ಮಾಡಿ ಉದ್ದ ಬಿಡಿ. ಕಟರ್ ಇಳಿಸಿ ಸೀದಾ ಎಳೀತೀನಿ." ಅಂದರೆ ಪಾಕೆಟ್ ತೆಗೆದು 10 ಅಗಲ, 26 ಉದ್ದದ ಸ್ಲಾಟ್ ಹಾಕುವುದು. ನಡುವಿನ 16ರ ನೇರ ಭಾಗದಲ್ಲಿ ಸೆನ್ಸರ್ ಸರಿಯಾಗಿ ಕೂರುತ್ತದೆ.

ಇನ್ನೊಂದು, ಬೇರಿಂಗ್ ಬೋರಿನ ತಳ. ಅಲ್ಲೂ ನಮ್ಮದು ಚೂಪು ಮೂಲೆ. ಲೇತ್ ಟೂಲಿನ ತುದಿಗೆ ಸಾಮಾನ್ಯವಾಗಿ 0.4 ಅಥವಾ 0.8 ಮಿ.ಮೀ. ರೇಡಿಯಸ್ ಇರುತ್ತದೆ, ಮೂಲೆಯಲ್ಲಿ ಅದು ಉಳಿಯುತ್ತದೆ. 6204ರ ಹೊರ ಅಂಚಿನ ದುಂಡು ಕನಿಷ್ಠ 1 ಮಿ.ಮೀ. ಇರುವುದರಿಂದ ನಾವು ಬಚಾವಾದೆವು. ಮೂಲೆಯ ರೇಡಿಯಸ್ ಅದಕ್ಕಿಂತ ದೊಡ್ಡದಾಗಿದ್ದರೆ ಬೇರಿಂಗ್ ತಳಕ್ಕೆ ಕೂರದೆ ಮೂಲೆಯ ಮೇಲೆ ಹತ್ತಿ ನಿಲ್ಲುತ್ತಿತ್ತು. ಬೋರಿಗೆ ನಾವು ಬರೀ 47 ಅಂತ ಬರೆದಿದ್ದೆವು, ಟಾಲರೆನ್ಸ್ ಇಲ್ಲ. ಎಚ್7 ಅಂದರೆ 47.000ರಿಂದ 47.025ರ ಒಳಗೆ. ಪರದೆಯ ಮೇಲೆ 47 ಅನ್ನೋದು 47 ಅಷ್ಟೇ, ಲೇತಿನ ಮೇಲೆ ಯಾವ ಸಂಖ್ಯೆಯೂ ಒಂಟಿ ಅಲ್ಲ.

ಹಳೇ ಬುಶ್ಶನ್ನು ಓದುವ ಕಣ್ಣು

ಯೋಚಿಸಿ ನೋಡಿದರೆ ಫೀಚರ್ ಅನ್ನುವ ಕಲ್ಪನೆ ಕಂಪ್ಯೂಟರಿಗಿಂತ ಹಳೆಯದು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಅಲ್ಲಿಂದ ಹೊರಬಂದವು. 1996ರಲ್ಲಿ ಅದು ಮುಚ್ಚಿತು, ಆದರೆ ಆ ಬೈಕುಗಳು ಊರಿನಲ್ಲಿ ಇನ್ನೂ ಓಡುತ್ತಿವೆ. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇರುವ ಆ ಗಾಡಿಯನ್ನು ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲೇ ನೋಡಿರುತ್ತೇವೆ.

ಅಂಥ ಗಾಡಿಯ ಸವೆದ ಬುಶ್ಶೊಂದನ್ನು ಲೇತ್ ಶೆಡ್ಡಿಗೆ ತೆಗೆದುಕೊಂಡು ಹೋದರೆ ಏನಾಗುತ್ತದೆ? ಡ್ರಾಯಿಂಗ್ ಇಲ್ಲ, ಫೈಲ್ ಇಲ್ಲ. ಕೆಲಸ ಬಲ್ಲವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ 'ಇಲ್ಲಿ ಕಾಲರ್, ಇದು ಎಣ್ಣೆ ತೂತು, ಈ ಹೊರಮೈ ಬಿಗಿಯಾಗಿ ಕೂರಬೇಕು, ಒಳಗಡೆ ಶಾಫ್ಟ್ ತಿರುಗಬೇಕು' ಅಂತ ಓದುತ್ತಾರೆ. ಸವೆದ ಒಳವ್ಯಾಸವನ್ನು ಅಳೆದು ಹಾಗೇ ಹೊಸದನ್ನು ಮಾಡುವುದಿಲ್ಲ, ಯಾಕಂದರೆ ಸವೆತ ಡಿಸೈನ್ ಅಲ್ಲ ಅಂತ ಅವರಿಗೆ ಗೊತ್ತು. ಶಾಫ್ಟನ್ನು ತರಿಸಿ, ಅದಕ್ಕೆ ಎಷ್ಟು ಸಡಿಲ ಬೇಕೋ ಅಷ್ಟು ಬಿಡುತ್ತಾರೆ. ಅದೇ ಬುಶ್ಶನ್ನು ತ್ರೀಡಿ ಸ್ಕ್ಯಾನರಿನ ಕೆಳಗೆ ಇಟ್ಟರೆ ಲಕ್ಷಾಂತರ ಬಿಂದುಗಳು ಬರುತ್ತವೆ, ಸವೆತವೂ ಅದರೊಳಗೇ ಬರುತ್ತದೆ. ಯಾವುದು ಉದ್ದೇಶ, ಯಾವುದು ಸವೆತ ಅನ್ನೋದು ಬಿಂದುಗಳಲ್ಲಿ ಇರುವುದಿಲ್ಲ. ಫೀಚರ್ ಆಧಾರಿತ ಕ್ಯಾಡ್ ಕಾಪಿಡಲು ಹೊರಟಿರುವುದು ಇದೇ ಉದ್ದೇಶವನ್ನು.

20ರ ಶಾಫ್ಟ್ 25 ಆದಾಗ

ಸೋಮವಾರ ನಮ್ಮ ಗೈಡ್ ಲೆಕ್ಕ ನೋಡಿ, ಶಾಫ್ಟ್ ಬಾಗುತ್ತೆ, 20 ಸಾಲದು, 25 ಮಾಡಿ ಅಂದರು. ಅಂದರೆ ಬೇರಿಂಗ್ 6204 ಹೋಗಿ 6205 ಆಗಬೇಕು: ಹೊರವ್ಯಾಸ 52, ಅಗಲ 15. ಎರಡು ಅಳತೆ ಬದಲಿಸಿದರೆ ಮುಗೀತಲ್ವಾ ಅಂತ ಬೋರನ್ನು 52, ಆಳವನ್ನು 15, ಗೋಡೆ ತೆಳುವಾಗದಿರಲಿ ಅಂತ ಬಾಸನ್ನು 69 ಮಾಡಿದೆವು. ಟ್ರೀ ಕೆಂಪಾಯಿತು.

ಕಾರಣ ಬರೀ ಲೆಕ್ಕ. ಪಿಸಿಡಿ 82, ಅಂದರೆ ಬೋಲ್ಟ್ ತೂತಿನ ಸೆಂಟರ್ 41ರ ರೇಡಿಯಸ್‌ನಲ್ಲಿದೆ. ಕೌಂಟರ್‌ಬೋರಿನ ಅರ್ಧವ್ಯಾಸ 7.5. ಒಳಗಡೆ ಅದು 33.5ರವರೆಗೆ ಬರುತ್ತದೆ. ಹಳೇ ಬಾಸಿನ ರೇಡಿಯಸ್ 32, ನಡುವೆ 1.5 ಜಾಗ, ಅದರಲ್ಲಿ 1ರ ಫಿಲೆಟ್ ಕೂರುತ್ತಿತ್ತು. ಹೊಸ ಬಾಸಿನ ರೇಡಿಯಸ್ 34.5. ಕೌಂಟರ್‌ಬೋರ್ ಅದನ್ನು 1 ಮಿ.ಮೀ. ಕಚ್ಚಿತು. ಬಾಸಿನ ಬುಡದ ಅಂಚು ನಾಲ್ಕು ಕಡೆ ತುಂಡಾಯಿತು, ಒಂದು ಪೂರ್ಣ ವೃತ್ತಕ್ಕೆ ಅಂತ ಹಾಕಿದ್ದ ಫಿಲೆಟಿಗೆ ಹಿಡಿಯಲು ಅಂಚೇ ಸಿಗಲಿಲ್ಲ.

ಫಿಲೆಟ್ ಅಳಿಸಿ ಹಾಕಿದರೆ ಕೆಂಪು ಹೋಗುತ್ತೆ ಅಂತ ನಮ್ಮಲ್ಲೊಬ್ಬ ಅಂದ. ನಿಜ, ಹೋಗುತ್ತಿತ್ತು. ಆದರೆ ಬೋಲ್ಟಿನ ತಲೆ ಬಾಸಿಗೆ ತಾಗುವ ಪಾರ್ಟ್ ಉಳಿಯುತ್ತಿತ್ತು. ಎಷ್ಟೋ ಸಲ ಕೆಂಪು ಗುರುತು ಸಾಫ್ಟ್‌ವೇರಿನ ತಪ್ಪಲ್ಲ, ಡಿಸೈನಿನ ತಕರಾರು.

ನಿಜವಾದ ತಪ್ಪು ನಮ್ಮ ಸಂಖ್ಯೆಗಳಲ್ಲಿ ಇರಲಿಲ್ಲ. ಆ ಸಂಖ್ಯೆಗಳು ಯಾಕೆ ಬಂದವು ಅನ್ನೋದನ್ನು ನಾವು ಮಾಡೆಲಿಗೆ ಹೇಳಿರಲಿಲ್ಲ. 82 ಹೇಗೆ ಬಂತು? ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ, ಉತ್ತರವನ್ನು ಮಾತ್ರ ಸ್ಕೆಚ್ಚಿಗೆ ತುಂಬಿದ್ದೆವು. ಈ ಸಲ ಲೆಕ್ಕವನ್ನೇ ತುಂಬಿದೆವು:

ಬಾಸ್ = ಬೋರ್ + 17
ಪಿಸಿಡಿ = ಬಾಸ್ + ಕೌಂಟರ್‌ಬೋರ್ + 3
ಫ್ಲೇಂಜ್ = ಪಿಸಿಡಿ + ಕೌಂಟರ್‌ಬೋರ್ + 3

ಬೋರ್ 47 ಇದ್ದಾಗ 64, 82, 100. ಹಳೇ ಅಳತೆಗಳೇ ಬಂದವು. ಬೋರ್ 52 ಅಂದಾಗ 69, 87, 105. ಟ್ರೀ ಹಸಿರಾಯಿತು, ನಮ್ಮ ಮುಖ ಮಾತ್ರ ಬಾಡಿತು. ಯಾಕಂದರೆ ನಾವು ಕೊಂಡಿದ್ದ ತುಂಡಿನ ವ್ಯಾಸವೇ 105. ಮೇಲಿನ ಕಪ್ಪು ಚರ್ಮ ತೆಗೆಯಲು ಒಂದೆರಡು ಮಿ.ಮೀ. ಆದರೂ ಹೆಚ್ಚು ಬೇಕು. ಹೊಸ ತುಂಡು ಕೊಳ್ಳಲು ದುಡ್ಡಿರಲಿಲ್ಲ.

ಆಗ ಫೀಚರಿನ ಲಾಭ ಗೊತ್ತಾಯಿತು. ತೂತುಗಳನ್ನು ನಾವು ಬರೀ ವೃತ್ತ ಗೀಚಿ ಕತ್ತರಿಸಿರಲಿಲ್ಲ, ಹೋಲ್ ಫೀಚರ್ ಬಳಸಿದ್ದೆವು. ಎಂ8 ಇದ್ದುದನ್ನು ಎಂ6 ಅಂತ ಬದಲಿಸಿದೆವು. ತೂತು 6.6 ಆಯಿತು, ಕೌಂಟರ್‌ಬೋರ್ 11 ಆಯಿತು, ಪಿಸಿಡಿ 83, ಫ್ಲೇಂಜ್ 97. 105ರ ತುಂಡಿನಲ್ಲಿ ಆರಾಮಾಗಿ ಬರುತ್ತದೆ! ಆದರೆ ಇಷ್ಟಕ್ಕೇ ಕುಣಿಯುವ ಹಾಗಿಲ್ಲ. ಎಂ8 ಬೋಲ್ಟಿನ ಸ್ಟ್ರೆಸ್ ಏರಿಯಾ 36.6 ಚದರ ಮಿ.ಮೀ., ಎಂ6ರದು 20.1. ಹೆಚ್ಚುಕಡಿಮೆ ಅರ್ಧ. ಇದನ್ನು ಯಾವ ಟ್ರೀಯೂ ಕೆಂಪು ಮಾಡಿ ಎಚ್ಚರಿಸುವುದಿಲ್ಲ. ನಮ್ಮ ಲೋಡಿಗೆ ಕೂತು ಲೆಕ್ಕ ಹಾಕಿ, ಸಾಕು ಅಂತ ಖಚಿತವಾದ ಮೇಲೇ ಡ್ರಾಯಿಂಗ್ ತೆಗೆದೆವು.

ಹೆಸರಿಲ್ಲದ ಮುಖಗಳ ತೊಂದರೆ

ಟ್ರೀ ಕೆಂಪಾಗಲು ಇನ್ನೊಂದು ಕಾರಣವೂ ಇದೆ, ಅದು ನಿಜಕ್ಕೂ ಸಾಫ್ಟ್‌ವೇರಿನ ಕಡೆಯದು. ನೀವು ಒಂದು ಮುಖದ ಮೇಲೆ ಸ್ಕೆಚ್ ಹಾಕುತ್ತೀರಿ. ಪ್ರೋಗ್ರಾಂ ಆ ಮುಖವನ್ನು 'ಆರನೇ ಮುಖ' ಅಂತ ನೆನಪಿಟ್ಟುಕೊಂಡರೆ, ನೀವು ಹಿಂದೆ ಹೋಗಿ ಒಂದು ತೂತು ಸೇರಿಸಿದಾಗ ಎಣಿಕೆ ಬದಲಾಗುತ್ತದೆ. ಆರನೇ ಮುಖ ಈಗ ಬೇರೆಲ್ಲೋ ಇದೆ, ಸ್ಕೆಚ್ಚೂ ಅಲ್ಲಿಗೆ ಹಾರುತ್ತದೆ. ಇದಕ್ಕೆ ಟೋಪೋಲಾಜಿಕಲ್ ನೇಮಿಂಗ್ ಸಮಸ್ಯೆ ಅನ್ನುತ್ತಾರೆ. ಫ್ರೀಕ್ಯಾಡ್ ಬಳಸುವವರು ವರ್ಷಗಟ್ಟಲೆ ಇದರಿಂದ ಬೇಸತ್ತಿದ್ದರು. ನವೆಂಬರ್ 2024ರಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಇದಕ್ಕೆ ದೊಡ್ಡ ಮಟ್ಟದ ಪರಿಹಾರ ಸೇರಿಸಿದರು. ಆದರೂ ಒಳ್ಳೆಯ ಅಭ್ಯಾಸ ಒಂದೇ: ಸ್ಕೆಚ್ಚನ್ನು ಸಾಧ್ಯವಾದಷ್ಟೂ ಮೂಲ ಸಮತಲಗಳ ಮೇಲೆ, ಅಕ್ಷಗಳ ಮೇಲೆ ಕಟ್ಟಿ. ಫಿಲೆಟ್ಟಿನ ಅಂಚಿಗೆ ಯಾವುದನ್ನೂ ನೇತುಹಾಕಬೇಡಿ.

ಸ್ಟೆಪ್ ಫೈಲಿನಲ್ಲಿ ಉಳಿಯದ್ದು

ಈ ಹೌಸಿಂಗ್ ಕೂರುವ ದಪ್ಪ ಪ್ಲೇಟನ್ನು ಸಿಎನ್‌ಸಿಯಲ್ಲಿ ಮಾಡಿಸಬೇಕಿತ್ತು. ಅಲ್ಲಿಗೆ ಸ್ಟೆಪ್ ಫೈಲ್ ಕಳಿಸಿದೆವು. ಸ್ಟೆಪ್ ಅಂದರೆ ಐಎಸ್ಒ 10303, ಬೇರೆ ಬೇರೆ ಸಾಫ್ಟ್‌ವೇರುಗಳ ನಡುವೆ ಮಾಡೆಲ್ ಸಾಗಿಸುವ ಅಂತರರಾಷ್ಟ್ರೀಯ ಮಾನಕ, 1994ರಿಂದ ಬಳಕೆಯಲ್ಲಿದೆ. ನಾವೆಲ್ಲ ಸಾಮಾನ್ಯವಾಗಿ ಕಳಿಸುವ ಸ್ಟೆಪ್ ಫೈಲಿನಲ್ಲಿ ಆಕೃತಿ ಹೋಗುತ್ತದೆ, ಟ್ರೀ ಹೋಗುವುದಿಲ್ಲ. ನಮ್ಮ ಪ್ಲೇಟಿನಲ್ಲಿ ಎಂ6 ಮರೆ ಇರುವ ನಾಲ್ಕು ತೂತು ಇದ್ದವು. ಮರೆ ಅನ್ನೋದು ಮಾಡೆಲಿನಲ್ಲಿ ಬರೀ ಗುರುತು. ಆದ್ದರಿಂದ ಆ ಕಡೆ ತಲುಪಿದ್ದು 5 ಮಿ.ಮೀ. ವ್ಯಾಸದ ನಾಲ್ಕು ಬೋಳು ಸಿಲಿಂಡರುಗಳು. ಅಲ್ಲಿಂದ ಫೋನ್ ಬಂತು: "ಇದು ಪಿನ್ ತೂತಾ, ಟ್ಯಾಪ್ ತೂತಾ?" ಕೇಳಿದ್ದು ಅವರ ದೊಡ್ಡತನ. ಕೇಳದೇ ಇದ್ದಿದ್ದರೆ ತಪ್ಪು ನಮ್ಮದೇ ಆಗಿರುತ್ತಿತ್ತು.

ಬೋಳು ಆಕೃತಿಯಿಂದ ಫೀಚರನ್ನು ಮತ್ತೆ ಹುಡುಕಿ ತೆಗೆಯುವ ವಿದ್ಯೆಗೆ ಫೀಚರ್ ರೆಕಗ್ನಿಷನ್ ಅನ್ನುತ್ತಾರೆ. 1980ರಲ್ಲಿ ಕೇಂಬ್ರಿಜ್‌ನಲ್ಲಿ ಕಿಪ್ರಿಯಾನೂ ಬರೆದ ಪಿಎಚ್‌ಡಿ ಪ್ರಬಂಧ ಇದರ ಮೊದಲ ಕೆಲಸಗಳಲ್ಲಿ ಒಂದು. ಅಂಚುಗಳು ಒಳಬಾಗಿವೆಯೋ ಹೊರಬಾಗಿವೆಯೋ ಅಂತ ನೋಡಿ, ಮುಖಗಳ ಗುಂಪನ್ನು ತೂತು, ಪಾಕೆಟ್, ಸ್ಲಾಟ್ ಅಂತ ಗುರುತಿಸುವುದು ಇದರ ಮೂಲ ಉಪಾಯ. ಇವತ್ತಿನ ಕ್ಯಾಮ್ ಸಾಫ್ಟ್‌ವೇರುಗಳು ಇದನ್ನು ಮಾಡುತ್ತವೆ. ಆದರೆ ಎರಡು ಫೀಚರ್ ಒಂದನ್ನೊಂದು ಕಡಿದಾಗ ಒಂದೇ ಆಕೃತಿಯನ್ನು ಹಲವು ರೀತಿ ಓದಬಹುದು, ಅಲ್ಲಿ ಅವು ತಡವರಿಸುತ್ತವೆ. ಸ್ಟೆಪ್ ಮಾನಕದಲ್ಲೇ ಎಪಿ224 ಅನ್ನೋದು ಮಷೀನಿಂಗ್ ಫೀಚರುಗಳಿಗೆ ಅಂತಲೇ ಇದೆ. 2014ರ ಎಪಿ242ರಲ್ಲಿ ಟಾಲರೆನ್ಸ್‌ನಂಥ ಮಾಹಿತಿಯನ್ನೂ ಮಾಡೆಲಿನ ಜೊತೆ ಕಳಿಸಬಹುದು. ಎರಡೂ ಕಡೆಯ ಸಾಫ್ಟ್‌ವೇರು ಅದನ್ನು ಬರೆಯಲು, ಓದಲು ಕಲಿತಿರಬೇಕು ಅಷ್ಟೇ. ಅಲ್ಲಿಯವರೆಗೆ ಸ್ಟೆಪ್ ಫೈಲಿನ ಜೊತೆ ಒಂದು ಡ್ರಾಯಿಂಗ್ ಹಾಳೆ ಹೋಗಲೇಬೇಕು.

ಈಗ ನಾವು ಮಾಡುವುದು

ಮಾಡೆಲ್ ಶುರು ಮಾಡುವ ಮುಂಚೆ ಕಚ್ಚಾ ತುಂಡು ಯಾವುದು, ಅದನ್ನು ಎಲ್ಲಿ ಹಿಡಿಸುತ್ತಾರೆ ಅಂತ ಕೇಳಿಕೊಳ್ಳುತ್ತೇವೆ. ಲೇತಿನಲ್ಲಿ ಆಗುವ ಪಾರ್ಟಾದರೆ ಒಂದರ ಮೇಲೊಂದು ಎಕ್ಸ್‌ಟ್ರೂಡ್ ಪೇರಿಸದೆ, ಅರ್ಧ ಸೆಕ್ಷನ್ ಬರೆದು ರಿವಾಲ್ವ್ ಮಾಡುತ್ತೇವೆ. ಆಗ ಟೂಲ್ ಓಡುವ ದಾರಿಯೇ ಸ್ಕೆಚ್ಚಿನಲ್ಲಿ ಕಾಣುತ್ತದೆ. ತೂತು ಅಂದರೆ ಹೋಲ್ ಫೀಚರ್, ಬರೀ ವೃತ್ತ ಅಲ್ಲ. ಒಳಮೂಲೆ ಕಂಡಲ್ಲೆಲ್ಲ 'ಯಾವ ಕಟರ್?' ಅಂತ ಕೇಳುತ್ತೇವೆ. ಲೆಕ್ಕದಿಂದ ಬಂದ ಅಳತೆಗೆ ಲೆಕ್ಕವನ್ನೇ ಬರೆಯುತ್ತೇವೆ. ಟ್ರೀಯಲ್ಲಿ 'ಎಕ್ಸ್‌ಟ್ರೂಡ್ 7' ಅಂತ ಬಿಡದೆ 'ಬೇರಿಂಗ್ ಬೋರ್' ಅಂತ ಹೆಸರಿಡುತ್ತೇವೆ. ಫಿಟ್ಟು, ಟಾಲರೆನ್ಸಿಗೆ ಬೆಂಗಳೂರಿನ ಸಿಎಂಟಿಐ ಹೊರತಂದ ಮಷೀನ್ ಟೂಲ್ ಡಿಸೈನ್ ಕೈಪಿಡಿ ಇದೆ, ಲೈಬ್ರರಿಯಲ್ಲಿ ಕೇಳಿ ನೋಡಿ.

ಕೊನೆಗೊಂದು ಪರೀಕ್ಷೆ. ಸಬ್‌ಮಿಟ್ ಮಾಡುವ ಮುಂಚೆ ಮುಖ್ಯವಾದ ಒಂದು ಅಳತೆಯನ್ನು ಹತ್ತು ಪರ್ಸೆಂಟ್ ಹೆಚ್ಚಿಸಿ, ಆಮೇಲೆ ಅಷ್ಟೇ ಇಳಿಸಿ ನೋಡಿ. ಎರಡು ಸಲವೂ ಪಾರ್ಟ್ ಸರಿಯಾಗಿ ನಿಂತರೆ ಮಾಡೆಲಿಗೆ ನಿಮ್ಮ ಉದ್ದೇಶ ಅರ್ಥವಾಗಿದೆ. ಕುಸಿದರೆ, ನೀವು ಆಕೃತಿ ಮಾತ್ರ ಗೀಚಿದ್ದೀರಿ.

ಮುಂದಿನ ಶನಿವಾರ ಮತ್ತೆ ಕೆಸರೆಗೆ ಹೋದೆವು. ಈ ಸಲ ಪೆನ್‌ಡ್ರೈವ್ ಒಯ್ಯಲಿಲ್ಲ. ಹಾಳೆಯಲ್ಲಿ ಬೋರಿಗೆ 52 ಎಚ್7 ಅಂತಿತ್ತು, ಸ್ಲಾಟಿನ ತುದಿ ದುಂಡಗಿತ್ತು, ಬೋರ್ ಮತ್ತು ಬಾಸ್ ಒಂದೇ ಸೆಂಟರ್ ಅಂತ ಸ್ಪಷ್ಟವಾಗಿ ಬರೆದಿತ್ತು. ಅಣ್ಣ ಹಾಳೆ ನೋಡಿ ಪ್ರಶ್ನೆ ಕೇಳಲಿಲ್ಲ. "ಬೇರಿಂಗ್ ತಂದಿದ್ದೀರಾ? ಕೊಟ್ಟೋಗಿ, ಹಾಕಿ ನೋಡೇ ಕೊಡ್ತೀನಿ" ಅಂದರು. ಸಂಜೆ ಹೋದಾಗ ಎರಡೂ ಹೌಸಿಂಗ್ ರೆಡಿ ಇದ್ದವು. ಬೇರಿಂಗನ್ನು ಹೆಬ್ಬೆರಳಿನಿಂದ ಒತ್ತಿದೆವು, ತಳದವರೆಗೆ ಹೋಗಿ ಕೂತಿತು.